ಪ್ರೂಯಿಟ್ ಸಹೋದರರು ಬೇರೆಯಾದದ್ದು

ಆಗಸ್ಟ್ ಮುಗಿಯುತ್ತ ಬಂದಿತ್ತು. ಹೊಗೆಸೊಪ್ಪಿನ ಕೆಳಗಿನ ಎಲೆಗಳು ಹಳದಿಗೆ ತಿರುಗಿ, ವರ್ಜಿಲ್ ಟ್ಯಾಕೆಟ್‌ನ ಹೊಲದಲ್ಲಿ ಕಟಾವು ನಡೆದಿತ್ತು. ಮುದುಕ ಮುಂದಿನ ಸಾಲಿನಲ್ಲಿ ಬಗ್ಗಿ, ಬುಡಕ್ಕೆ ಒಂದೇ ಏಟು ಹಾಕಿ, ಗಿಡಗಳನ್ನು ಒರಗಿಸುತ್ತ ಹೋಗುತ್ತಿದ್ದ. ಅವನ ಅಳಿಯ ಓಡೆಲ್ ಪ್ರೂಯಿಟ್ ಹಿಂದಿನಿಂದ ಬಂದು, ನೆಲಕ್ಕೆ ನೆಟ್ಟ ಕೋಲಿನ ತುದಿಗೆ ಕಬ್ಬಿಣದ ಮೊನೆ ಸಿಕ್ಕಿಸಿ, ಕಾಂಡಗಳನ್ನು ಒಂದೊಂದಾಗಿ ಚುಚ್ಚಿ ಇಳಿಸುತ್ತಿದ್ದ. ಬಾಡಿದ ಸೊಪ್ಪಿನ ಕೋಲುಗಳನ್ನು ಕೊಟ್ಟಿಗೆಗೆ ಸಾಗಿಸಿ ಮೇಲಿನ ತೊಲೆಗಳಿಗೆ ತೂಗುಹಾಕುವ ಕೆಲಸ ವೆಂಡೆಲ್‌ನದು. ಸೊಪ್ಪಿನ ಅಂಟು ಮೂವರ ಕೈಗೂ ಕರ್ರಗೆ ಮೆತ್ತಿತ್ತು.

ವೆಂಡೆಲ್ ಓಡೆಲ್‌ನ ತಮ್ಮನೆಂದು ಟೆನೆಸಿಯ ಆ ಸೀಮೆಯವರೆಲ್ಲ ನಂಬಿದ್ದರು. ನಿಜಕ್ಕೆ ಇಬ್ಬರೂ ಅಲಬಾಮಾದ ಬೇರೆ ಬೇರೆ ಊರುಗಳವರು. ಕುಸ್ತಿಯ ತಂಡವೊಂದರಲ್ಲಿ ಭೇಟಿಯಾದಾಗ ಇಬ್ಬರ ಮೂಗೂ ಒಂದೇ ರೀತಿ ಸೊಟ್ಟಗಿದ್ದುದನ್ನು ಕಂಡು, ಪಂದ್ಯ ನಡೆಸುವವನು ಅವರನ್ನು ಅಣ್ಣ ತಮ್ಮ ಮಾಡಿದ್ದ. ಅಂದಿನಿಂದ ವೆಂಡೆಲ್ ಸ್ಟ್ಯಾಂಪ್ಸ್ ಎಂಬುವನು ವೆಂಡೆಲ್ ಪ್ರೂಯಿಟ್ ಆದ. ಓಡೆಲ್ ವರ್ಜಿಲ್‌ನ ಮಗಳು ರೂಬಿಯನ್ನು ಮದುವೆಯಾಗಿ ಮಾವನ ಮನೆಯಲ್ಲೇ ನಿಂತಾಗ, ತಮ್ಮನಾದವನು ಪೇಟೆಯಲ್ಲಿ ಬಾಡಿಗೆ ಕೋಣೆ ಹಿಡಿದು, ಕಟಾವಿನ ಕಾಲಕ್ಕೆ ಹೊಲಕ್ಕೆ ಬರತೊಡಗಿದ. ಸುಳ್ಳು ಗೊತ್ತಿದ್ದದ್ದು ರೂಬಿಗೆ ಮಾತ್ರ. ಈ ಕುಸ್ತಿಯೆಲ್ಲ ಆಟ, ಗೆಲುವು ಸೋಲು ಮೊದಲೇ ಮಾತಾಗಿರುತ್ತದೆ ಎಂಬುದನ್ನು ಹೊರಗಿನವರಿಗೆ ಬಾಯಿಬಿಡುವಂತಿಲ್ಲ. ಅದು ಆ ಕಸುಬಿನ ಕಟ್ಟು. ಮಾವನೂ ಹೊರಗಿನವನೇ.

ಮಧ್ಯಾಹ್ನ ಊಟಕ್ಕೆ ಕೂತಾಗ ಮುದುಕ ತಲೆ ಬಾಗಿಸಿ, "ದೇವರೇ, ಈ ಅಣ್ಣ ತಮ್ಮಂದಿರನ್ನ ಹೀಗೇ ಜೋಡಿಯಾಗಿ ಇಟ್ಟಿರಪ್ಪ" ಎಂದ. ಬೇಲಿಯ ಜಗಳದಲ್ಲಿ ತನ್ನ ಸ್ವಂತ ಅಣ್ಣನೊಂದಿಗೆ ಮಾತು ಬಿಟ್ಟು, ಅವನು ಸತ್ತಾಗಲೂ ಹೋಗದ ಮುದುಕ ಅವನು. ದಿನವೂ ಇದೇ ಪ್ರಾರ್ಥನೆ. ರೂಬಿ ಹುರುಳಿಕಾಯಿಯ ಬಟ್ಟಲನ್ನು ಮುಂದೆ ತಳ್ಳಿ ಗಂಡನ ಮುಖ ನೋಡಿದಳು. ಓಡೆಲ್ ಮೆಕ್ಕೆಜೋಳದ ರೊಟ್ಟಿ ಮುರಿಯುತ್ತಿದ್ದ.

"ಶನಿವಾರ ಯಾರ ಮೇಲೆ?" ಮುದುಕ ಕೇಳಿದ.

"ಆ ಮುಖವಾಡದೋರ ಮೇಲೆ, ಮಾವ."

"ಹೋದ್ಸಲ ಹಗ್ಗದ ಹಿಂದೆ ಕತ್ತು ಹಿಸುಕಿದ್ರಲ್ಲ, ಆ ಹಲ್ಕಾಗಳು! ರೆಫರಿಗೆ ಕಣ್ಣಿಲ್ಲ. ವೆಂಡೆಲ್, ಮಗಾ, ನೀನ್ಯಾಕೆ ಅಷ್ಟು ಹೊತ್ತು ಏಟು ತಿಂತೀಯ? ಬೇಗ ಹೋಗಿ ಅಣ್ಣನ ಕೈ ಮುಟ್ಟಬಾರದಾ?"

"ಮೂಲೆ ದೂರ ಇರುತ್ತೆ, ಯಜಮಾನ್ರೇ," ಎಂದ ವೆಂಡೆಲ್.

ಅದೇ ಅವರ ಆಟ. ಜೋಡಿ ಕುಸ್ತಿಯಲ್ಲಿ ಒಬ್ಬ ಒಳಗಿದ್ದರೆ ಇನ್ನೊಬ್ಬ ಹಗ್ಗದಾಚೆ ಕಾಯಬೇಕು; ಒಳಗಿನವನು ಕೈ ಮುಟ್ಟಿದರೆ ಮಾತ್ರ ಹೊರಗಿನವನು ಒಳಬರಬಹುದು. ವೆಂಡೆಲ್ ಪೆಟ್ಟು ತಿನ್ನುತ್ತಿದ್ದ, ಬೀಳುತ್ತಿದ್ದ, ಮೂಲೆಯ ಕಡೆ ತೆವಳುತ್ತಿದ್ದ. ಜನ ಎದ್ದು ನಿಂತು ಕೂಗುತ್ತಿದ್ದರು. ಕೊನೆಗೊಮ್ಮೆ ಕೈ ಸಿಕ್ಕಿದಾಗ ಓಡೆಲ್ ಒಳನುಗ್ಗಿ ನಾಲ್ಕು ಗುದ್ದು ಹಾಕಿ ಮುಗಿಸುತ್ತಿದ್ದ. ಚಪ್ಪಾಳೆಯೆಲ್ಲ ಅವನಿಗೆ. ವರ್ಷಗಟ್ಟಲೆ ಹೀಗೇ ನಡೆದು ವೆಂಡೆಲ್‌ನ ಬೆನ್ನು ಈಗ ಬೆಳಿಗ್ಗೆ ನೇರವಾಗುವುದಕ್ಕೆ ಹೊತ್ತು ಹಿಡಿಯುತ್ತಿತ್ತು.

ಆ ವಾರ ಪಂದ್ಯ ನಡೆಸುವ ಗಸ್ ವಾರ್ನಡೋ ಇಬ್ಬರನ್ನೂ ಕರೆಸಿ, ಜನ ಕಮ್ಮಿಯಾಗುತ್ತಿದ್ದಾರೆ, ಸಹೋದರರನ್ನು ಒಡೆಯಬೇಕು ಎಂದಿದ್ದ. ಒಬ್ಬ ಇನ್ನೊಬ್ಬನಿಗೆ ದ್ರೋಹ ಮಾಡಬೇಕು. ಚಳಿಗಾಲದವರೆಗೆ ಊರೂರಲ್ಲಿ ಇಬ್ಬರೂ ಎದುರಾಬದುರಾ ಆಡಿ, ಕೊನೆಗೆ ದ್ರೋಹಿ ಸೋತು ಸೀಮೆ ಬಿಟ್ಟು ಹೋಗಬೇಕು. ಉಳಿದವನು ಒಂಟಿಯಾಗಿ ಹೆಸರು ಮಾಡುತ್ತಾನೆ.

"ವೆಂಡೆಲ್ ಕೆಟ್ಟೋನಾಗ್ಲಿ," ಎಂದಿದ್ದ ಗಸ್. "ಜನ ನಿನ್ನನ್ನೇ ಇಷ್ಟಪಡೋದು, ಓಡೆಲ್."

"ಸರಿ," ಎಂದಿದ್ದ ವೆಂಡೆಲ್. ಅಷ್ಟೇ.

ಊಟವಾದ ಮೇಲೆ ಕೊಟ್ಟಿಗೆಯ ನೆರಳಿನಲ್ಲಿ ಓಡೆಲ್ ಹೇಳಿದ: "ಗಸ್‌ಗೆ ಫೋನ್ ಮಾಡಿದ್ದೆ. ದ್ರೋಹ ಮಾಡೋನು ನಾನು."

ವೆಂಡೆಲ್ ಕೈಲಿದ್ದ ಕೋಲನ್ನು ಗೋಡೆಗೆ ಒರಗಿಸಿದ. "ಬಿಸಿಲು ತಲೆಗೇರಿತಾ? ನಿನ್ನ ಮಾವ ಮುಂದಿನ ಸಾಲಲ್ಲೇ ಕೂತಿರ್ತಾನೆ ಕಣೋ."

"ಕೂತ್ಕೊಳ್ಳಲಿ."

"ಮನೆಯಿಂದ ಆಚೆಗೆ ಹಾಕ್ತಾನೆ. ನನಗ್ಯಾರಿದಾರೆ? ಪೆಟ್ಟಿಗೆ ಎತ್ಕೊಂಡು ಇನ್ನೊಂದೂರಿಗೆ ಹೋಗ್ತೀನಿ. ನಿನಗೆ ಹೆಂಡ್ತಿ, ಹೊಲ..."

"ಈ ಬೆನ್ನಿಟ್ಕೊಂಡು ಹೊಸ ಊರಲ್ಲಿ ಮತ್ತೆ ಏಟು ತಿನ್ನೋಕೆ ನಿಂಗಾಗಲ್ಲ, ವೆಂಡೆಲ್. ಇಷ್ಟು ವರ್ಷ ನೀನು ದುಡಿದೆ, ಹೆಸರು ನಾನು ತಿಂದೆ. ಅದನ್ನ ತೀರಿಸೋಕೆ ಬೇರೆ ದಾರಿ ಇಲ್ಲ."

"ತೀರಿಸೂಂತ ನಾನು ಕೇಳಿದ್ನಾ?"

"ಕೇಳಿದ್ರೆ ಕೊಡ್ತಿರ್ಲಿಲ್ಲ ಬಿಡು."

ವೆಂಡೆಲ್ ನಗಲಿಲ್ಲ. ಟೋಪಿಯಿಂದ ಮುಖ ಒರೆಸಿಕೊಂಡು ಮತ್ತೆ ಏಣಿ ಹತ್ತಿದ.

ಶನಿವಾರ ಸಂಜೆ ಪೇಟೆಯ ಹೊಗೆಸೊಪ್ಪಿನ ಹರಾಜು ಗೋದಾಮಿನಲ್ಲಿ ಅಖಾಡ ಕಟ್ಟಿದ್ದರು. ಮುಖವಾಡದವರು ವೆಂಡೆಲ್‌ನನ್ನು ಬಡಿದು ಬಡಿದು ಮಲಗಿಸಿದರು. ಅವನು ಎಂದಿಗಿಂತ ಚೆನ್ನಾಗಿ ಬಿದ್ದ, ಎಂದಿಗಿಂತ ನಿಧಾನವಾಗಿ ತೆವಳಿದ. ಮುಂದಿನ ಸಾಲಿನಲ್ಲಿ ವರ್ಜಿಲ್ ಟ್ಯಾಕೆಟ್ ಎದ್ದು ನಿಂತು, "ಬಾ ಮಗಾ, ಇನ್ನು ಸ್ವಲ್ಪ!" ಎಂದು ಕುರ್ಚಿಯ ಬೆನ್ನು ಕುಟ್ಟುತ್ತಿದ್ದ. ವೆಂಡೆಲ್ ಮೊಣಕಾಲೂರಿ ಕೈ ಚಾಚಿದ. ಓಡೆಲ್ ಆ ಕೈಯನ್ನು ನೋಡಿದ. ಆಮೇಲೆ ತನ್ನ ಕೈಯನ್ನು ಹಗ್ಗದಿಂದ ಹಿಂದೆಗೆದು, ಅಖಾಡದಿಂದ ಕೆಳಗಿಳಿದು, ಬಾಗಿಲ ಕಡೆ ನಡೆದ.

ಗೋದಾಮಿನಲ್ಲಿ ಮೊದಲು ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಎದ್ದ ಗದ್ದಲದಲ್ಲಿ ಒಬ್ಬಾಕೆ ಕೈಚೀಲದಿಂದ ಅವನ ಕಿವಿಗೆ ಬಾರಿಸಿದಳು. ಮುದುಕ ಮಾತ್ರ ಕುರ್ಚಿಯಲ್ಲಿ ಕುಸಿದು ಕೂತಿದ್ದ.

ಓಡೆಲ್ ಪೇಟೆಯಲ್ಲೇ ಉಳಿದ. ಸೋಮವಾರ ಬೆಳಿಗ್ಗೆ ಹೊಲಕ್ಕೆ ಬಂದಾಗ ವರ್ಜಿಲ್ ಬೇಲಿಯ ಬಾಗಿಲಲ್ಲೇ ನಿಂತಿದ್ದ.

"ತಮ್ಮನ ಕೈ ಬಿಟ್ಟೋನಿಗೆ ನನ್ನ ಹೊಲದಲ್ಲಿ ಕೆಲಸ ಇಲ್ಲ."

"ಮಾವ..."

"ನಾನೂ ಒಂದ್ಸಲ ಬಿಟ್ಟಿದ್ದೆ ಕಣಯ್ಯಾ. ಅದರ ರುಚಿ ನನಗ್ಗೊತ್ತು. ಹೋಗಿ ಅವನ ಕಾಲು ಹಿಡಿ. ಆಮೇಲೆ ಬಾ."

ರೂಬಿ ಮೆಟ್ಟಿಲಿಳಿದು ಓಡಿ ಬಂದಳು. "ಅಪ್ಪಾ, ನೀನು ತಿಳ್ಕೊಂಡಿರೋದು—"

ಓಡೆಲ್ ಅವಳ ಕಡೆ ನೋಡಿ ಬೇಡವೆಂದು ತಲೆಯಾಡಿಸಿದ. ಇದೆಲ್ಲ ಆಟವೆಂಬ ಒಂದು ಮಾತು ಆಡಿದ್ದರೆ ಸಾಕಿತ್ತು. ಆ ಮಾತು ಸಂಜೆಯೊಳಗೆ ಅಂಗಡಿ ಕಟ್ಟೆಗೆ ಬರುತ್ತಿತ್ತು, ವೆಂಡೆಲ್‌ನ ಒಂಟಿ ಹೆಸರು ಹುಟ್ಟುವ ಮೊದಲೇ ಸಾಯುತ್ತಿತ್ತು. ಮುದುಕನಿಗೂ ತಾನು ಇಷ್ಟು ಕಾಲ ಯಾರಿಗಾಗಿ ಪ್ರಾರ್ಥಿಸಿದೆನೆಂದು ತಿಳಿಯುತ್ತಿತ್ತು. ರೂಬಿ ಒಳಗೆ ಹೋದಳು. ಅವನ ಬಟ್ಟೆಗಳನ್ನು ತಂದು ಕಾರಿನಲ್ಲಿಟ್ಟಾಗ, "ಚಳಿಗಾಲಕ್ಕೆ ನಾನೂ ಬರ್ತೀನಿ, ಎಲ್ಲಿಗಾದ್ರೂ. ಅಪ್ಪನಿಗೆ ಆಮೇಲೆ ಏನಾದ್ರೂ ಹೇಳ್ಕೊಳ್ತೀನಿ," ಎಂದಳು.

ಮುಂದಿನ ಪಂದ್ಯ ನದಿಯಾಚೆಯ ಊರಲ್ಲಿ. ಈಗ ಇಬ್ಬರೂ ವೈರಿಗಳಾದ್ದರಿಂದ ಒಂದೇ ಕಾರಿನಲ್ಲಿ ಹೋಗುವಂತಿರಲಿಲ್ಲ. ಓಡೆಲ್ ಒಬ್ಬನೇ ಹೊರಟು, ಸೇತುವೆಯ ಹತ್ತಿರದ ಬಂಕಿನಲ್ಲಿ ಪೆಟ್ರೋಲ್ ಹಾಕಿಸಲು ನಿಂತ. ಹಿಂದಿನಿಂದ ವೆಂಡೆಲ್‌ನ ಕಾರು ಬಂತು. ಪಕ್ಕದ ಸೀಟಿನಲ್ಲಿ ವರ್ಜಿಲ್ ಟ್ಯಾಕೆಟ್, ಭಾನುವಾರದ ಕೋಟು ಹಾಕಿಕೊಂಡು ಕೂತಿದ್ದ. ಅಳಿಯನನ್ನು ಕಂಡವನೇ ಕಿಟಕಿಯಿಂದ ಹೊಗೆಸೊಪ್ಪಿನ ಎಂಜಲು ಉಗುಳಿದ.

ಬಂಕಿನ ಬೆಂಚಿನ ಮೇಲಿದ್ದವರೆಲ್ಲ ಎದ್ದರು. ವೆಂಡೆಲ್ ಕಾರಿನಿಂದಿಳಿದು ನೇರ ಬಂದು ಓಡೆಲ್‌ನ ಕೊರಳಪಟ್ಟಿ ಹಿಡಿದು ಕಾರಿಗೆ ಒತ್ತಿದ. ನೋಡುವವರಿಗೆ ಉಸಿರು ಕಟ್ಟಿಸಿದಂತಿತ್ತು. ಹಿಡಿತ ಎಷ್ಟು ಹಗುರವಾಗಿತ್ತೆಂದರೆ ಅಂಗಿಯ ಗುಂಡಿಯೂ ಅಲುಗಲಿಲ್ಲ.

"ಮುದುಕ ನನ್ನನ್ನ ಮನೇಲೇ ಇಟ್ಕೊಂಡಿದಾನೆ," ತುಟಿ ಅಲುಗಿಸದೆ ಹೇಳಿದ ವೆಂಡೆಲ್. "ನನ್ನ ಬೆನ್ನಿಗೆ ಎಣ್ಣೆ ಹಚ್ತಾನೆ. ಏನ್ಮಾಡ್ಲಿ?"

"ಹಚ್ಚಿಸ್ಕೋ. ಜೋರಾಗಿ ತಳ್ಳೋ, ನೋಡ್ತಿದಾರೆ."

"ನಿನ್ನ ಸಾಲ ತೀರಿತು, ಓಡೆಲ್. ಎಲ್ಲಾ ತೀರಿತು."

ವೆಂಡೆಲ್ ತಳ್ಳಿದ. ಓಡೆಲ್ ಧೂಳಿನಲ್ಲಿ ಚೆನ್ನಾಗಿಯೇ ಬಿದ್ದ. ಬೆಂಚಿನವರು ಚಪ್ಪಾಳೆ ತಟ್ಟಿ ವೆಂಡೆಲ್‌ನ ಹೆಸರು ಕೂಗಿದರು. ವೆಂಡೆಲ್‌ನ ಕಾರು ಸೇತುವೆ ದಾಟುವವರೆಗೂ ಓಡೆಲ್ ಏಳಲಿಲ್ಲ. ಆಮೇಲೆ ಪ್ಯಾಂಟು ಕೊಡವಿಕೊಂಡು, ಮುಂದಿನ ಕಾರು ಕಣ್ಣಿಗೆ ಬೀಳದಷ್ಟು ಹಿಂದುಳಿದು, ಅದೇ ಊರಿಗೆ ಹೊರಟ.