ಸೂಜಿಯ ಬುಡದ ಕತ್ತಲೆ

ಶಿವಾಜಿನಗರದ ಅಹ್ಮದ್ ಪಾಷಾ ಅವರ ಹೊಲಿಗೆ ಕಾರ್ಖಾನೆಯಲ್ಲಿ ತಯಾರಾಗುವುದೆಲ್ಲ ಬುರ್ಖಾ. ಕಪ್ಪು ಬಟ್ಟೆ, ಕಪ್ಪು ದಾರ. ಅಂದು ಊಟದ ಹೊತ್ತಿಗೆ ಅಯ್ಯಮ್ಮನ ಹೊಲಿಗೆ ಮತ್ತೆ ಸೊಟ್ಟಗಾಗಿತ್ತು. ವಾರದಲ್ಲಿ ಅದು ನಾಲ್ಕನೆಯ ಸಲ.

“ಅಯ್ಯಮ್ಮಾ, ಬೇಜಾರು ಮಾಡ್ಕೋಬೇಡಿ. ನಿಮ್ ಕಣ್ಣು ಮಂದ ಆಗಿದೆ,” ಎಂದರು ಪಾಷಾ. “ನಾಳೆಯಿಂದ ಬಟ್ಟೆ ಮಡಚೋ ಕೆಲ್ಸಕ್ಕೆ ಕೂತ್ಕೊಳ್ಳಿ.”

ಯಾದಗಿರಿಯಲ್ಲಿ ಕಲ್ಲು ಹೊರುತ್ತಿದ್ದವಳು ಇಲ್ಲಿಗೆ ಬಂದು ಟೈಲರ್ ಅನ್ನಿಸಿಕೊಂಡಿದ್ದಳು. ಮಷೀನು ಕೈತಪ್ಪಿದರೆ ಆ ಹೆಸರೂ ಹೋಗುತ್ತಿತ್ತು. ತಪ್ಪಿದ ಹೊಲಿಗೆ ಬಿಚ್ಚಲು ಬಾಗಿಲ ಮೆಟ್ಟಿಲ ಮೇಲೆ ಹೋಗಿ ಕೂತಳು. ಬಿಸಿಲಿನಲ್ಲಿ ಒಂದೊಂದು ಎಳೆಯೂ ಕಂಡಿತು. ಸೂಜಿಗೆ ದಾರ ಪೋಣಿಸಿದಳು, ಒಂದೇ ಸಲಕ್ಕೆ ಹೋಯಿತು! ಇಲ್ಲಿ ನೆಟ್ಟಗಿರುವ ಕಣ್ಣು ಹತ್ತು ಹೆಜ್ಜೆ ಒಳಗೆ ಹೋದರೆ ಮಂದವಾಗುವುದು ಹೇಗೆ? ಹೋದ ವರ್ಷದವರೆಗೂ ಬಾಗಿಲ ಪಕ್ಕದ ಮಷೀನಿನಲ್ಲಿ ಚೆನ್ನಾಗಿಯೇ ಹೊಲಿಯುತ್ತಿದ್ದಳಲ್ಲ. ಮೂಲೆಯ ಮಷೀನಿಗೆ ಬಂದ ಮೇಲೆಯೇ ಈ ರಗಳೆ.

ಒಳಗೆ ಎಲೆಕ್ಟ್ರಿಷಿಯನ್ ಮಂಜೂರ್ ಏಣಿ ಹಾಕಿದ್ದ. ಛಾವಣಿಯಲ್ಲಿ ಆಗಲೇ ಹನ್ನೆರಡು ಟ್ಯೂಬ್‌ಲೈಟ್ ಇದ್ದವು, ಇನ್ನೆರಡು ಬಂದಿದ್ದವು. ಯಾರಾದರೂ ಕಾಣುತ್ತಿಲ್ಲ ಅಂದರೆ ಟ್ಯೂಬ್‌ಲೈಟ್ ಹಾಕಿಸುವುದು, ಪಾಷಾ ಅವರಿಗೆ ಗೊತ್ತಿದ್ದ ಔಷಧ ಅದೊಂದೇ.

“ಮಂಜೂರ್ ಭಾಯ್, ಹಾಕೋಕೆ ಮುಂಚೆ ಇರೋದನ್ನ ಒಂದೊಂದೇ ಆರ್ಸಿ ನೋಡ್ತೀರಾ? ನನ್ ಸೂಜಿಗೆ ಬೆಳಕು ಕೊಡೋದು ಯಾವ್ದು ಅಂತ ತಿಳ್ಕೋಬೇಕು.”

ಅಯ್ಯಮ್ಮ ಹೋಗಿ ಮೂಲೆಯ ಮಷೀನಿಗೆ ಕೂತಳು. ಒಂದು ಆರಿತು, ಎರಡು ಆರಿದವು, ಎಂಟು ಆರಿದವು. ನಡುವಿನ ಓಡಾಡುವ ಜಾಗ ಮಬ್ಬಾಯಿತು. ಸೂಜಿಯ ಬುಡದಲ್ಲಿ ಮಾತ್ರ ಏನೂ ಬದಲಾಗಲಿಲ್ಲ, ಅಲ್ಲಿ ಮೊದಲೂ ಕತ್ತಲೆಯೇ ಇತ್ತು. ಲೈಟುಗಳೆಲ್ಲ ಅವಳ ಬೆನ್ನ ಹಿಂದೆ. ಬಗ್ಗಿದರೆ ಅವಳ ತಲೆಯ ನೆರಳೇ ಬಟ್ಟೆಯ ಮೇಲೆ ಬೀಳುತ್ತಿತ್ತು.

“ಹನ್ನೆರಡು ಲೈಟ್ ಹಾಕ್ಸಿದ್ರೂ ಬೆಳಕಿಲ್ವಾ? ಇನ್ನೇನು ಸೂರ್ಯನ್ನೇ ತಂದು ನೇತುಹಾಕ್ಲಾ?” ಎಂದು ಪಾಷಾ ರೇಗಿದರು.

“ಎಲ್ಲಾ ಲೈಟೂ ಹಾಕ್ಸಿ, ನನ್ ಸ್ಟೂಲ್ ಮೇಲೆ ಒಂದ್ಸಲ ಕೂತು ನೋಡಿ, ಸಾಬ್.”

ಪಾಷಾ ತಾವೇ ಹೊಲಿಯುತ್ತ ಮೇಲೆ ಬಂದವರು. ಜಂಬದಿಂದಲೇ ಕೂತು ಒಂದು ಮೊಳ ಹೊಲಿದರು. ಬಾಗಿಲ ಬೆಳಕಿಗೆ ಹಿಡಿದು ನೋಡಿದರೆ ಅಯ್ಯಮ್ಮನದಕ್ಕಿಂತ ಸೊಟ್ಟ.

ಮಂಜೂರ್‌ಗೂ ಈಗ ಕುತೂಹಲ ಹತ್ತಿತ್ತು. ಸೂಜಿಯ ಎಡಗಡೆ, ಒಂದು ಗೇಣು ಮೇಲೆ ಐದು ವ್ಯಾಟಿನ ಪುಟ್ಟ ಎಲ್‌ಇಡಿ ಬಲ್ಬು ಕಟ್ಟಿ, ಎಂಟು ಟ್ಯೂಬ್‌ಲೈಟ್ ಆರಿಸಿದ. ಕಪ್ಪು ಬಟ್ಟೆಯ ನೇಯ್ಗೆಯೂ ಕಾಣತೊಡಗಿತು. ಅಯ್ಯಮ್ಮನ ಹೊಲಿಗೆ ಗೆರೆ ಎಳೆದ ಹಾಗೆ ಬಂತು. ಅವಳಿಗೆ ಅಳುವಷ್ಟು ಸಂತೋಷವಾಯಿತು.

“ಎಲ್ಲಾ ಮಷೀನಿಗೂ ಹಿಂಗೇ ಕಟ್ಟು,” ಎಂದರು ಪಾಷಾ. ಆದರೆ ಅವರ ಮುಖ ಸಪ್ಪಗಾಗಿತ್ತು. “ಅಯ್ಯಮ್ಮಾ, ನಿಮಗಿಂತ ಮುಂಚೆ ಇಲ್ಲಿ ಕೂರ್ತಿದ್ದದ್ದು ಆಬಿದಾ ಆಪಾ ಅಲ್ವಾ?”

“ಹೌದ್ರೀ. ಕಣ್ಣು ಹೋಯ್ತು ಅಂತ ಅವ್ರನ್ನ ಮನೆಗೆ ಕಳ್ಸಿದ್ರಿ.”

ಪಾಷಾ ಚಪ್ಪಲಿ ಮೆಟ್ಟಿದರು.

“ಆಪಾಗೆ ಫೋನ್ ಮಾಡ್ಲಾ, ಸಾಬ್?” ಎಂದ ಮಂಜೂರ್.

“ಬೇಡ. ಕಣ್ಣು ಹೋಗಿದೆ ಅಂತ ಎಲ್ಲರೆದುರು ಹೇಳಿದ್ದು ನಾನು. ಅವ್ರ ಕಣ್ಣಿಗೇನೂ ಆಗಿರ್ಲಿಲ್ಲ ಅಂತ ಅವ್ರ ಮನೆಯವರೆದುರು ನಾನೇ ಹೇಳ್ಬೇಕು.”