ನೀರು ನೋಡಲು ಬರುತ್ತಿದ್ದವಳು

ಪ್ರತಿ ಗುರುವಾರ ಅವಳು ನಮ್ಮ ಹಿತ್ತಲ ಬಾವಿಯ ನೀರನ್ನು ಗಾಜಿನ ಬಾಟಲಿಗೆ ತುಂಬಿ, ಬಿಸಿಲಿಗೆ ಎತ್ತಿ ಹಿಡಿದು ನೋಡುತ್ತಿದ್ದಳು. ಬಾಟಲಿಯೊಳಗೆ ಪುಟ್ಟ ಸೂರ್ಯನೊಬ್ಬ ನಡುಗುತ್ತಿದ್ದ. ನನಗಾಗ ಎಂಟು ವರ್ಷ. ಏಳು ಸಮುದ್ರದಾಚೆಯ ಗಿಳಿಯಲ್ಲಿ ರಾಕ್ಷಸನ ಪ್ರಾಣ ಅಡಗಿದ್ದ ಕತೆಯನ್ನು ಅಜ್ಜಿ ಹೇಳಿದ್ದರಿಂದ, ಆ ಬಾಟಲಿಯಲ್ಲೂ ಯಾರದೋ ಪ್ರಾಣವಿದೆಯೆಂದೇ ನಂಬಿದ್ದೆ.

ಅವಳು ಪುರಸಭೆಯವಳು, ಹೆಸರು ಚಂಪಕಾ. ನನಗೆ ಬಾಟಲಿ ಅಕ್ಕ. ನೀರು ತುಂಬಿಕೊಂಡ ಮೇಲೂ ಹೋಗುತ್ತಿರಲಿಲ್ಲ. ಅಡುಗೆಮನೆಯಲ್ಲಿ ಅಜ್ಜಿಯ ಎದುರು ಕೂತು ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದಳು. ಅಷ್ಟು ಹೊತ್ತೂ ನನ್ನ ಕತೆ ನಿಂತಿರುತ್ತಿತ್ತು. ಕುದುರೆ ಏರಲು ಒಂದು ಕಾಲೆತ್ತಿದ ರಾಜಕುಮಾರ ಹಾಗೇ ಕಾಲೆತ್ತಿಕೊಂಡು ಕಾಯಬೇಕಿತ್ತು.

ಬೇಸಿಗೆ ರಜೆಯ ಒಂದು ಗುರುವಾರ ನಾನೊಂದು ಉಪಾಯ ಹೂಡಿದೆ. ಅಜ್ಜಿ ಕೋಣೆಯ ಬಾಗಿಲು ಹಾಕಿಕೊಂಡಿದ್ದಳು. ಖಾಲಿಯಾಗಿದ್ದ ಜೇನಿನ ಬಾಟಲಿಯನ್ನು ತೊಳೆದು, ನಾನೇ ನೀರು ತುಂಬಿಸಿ, ಗೇಟಿನ ಹತ್ತಿರ ಕಾದು ನಿಂತೆ.

"ತಗೊಳ್ಳಿ ಅಕ್ಕ. ಅಜ್ಜಿ ಮಲಗಿದ್ದಾಳೆ. ನೀವಿನ್ನು ಹೋಗಬಹುದು."

ಅವಳು ಬಾಟಲಿ ತೆಗೆದುಕೊಂಡಳು. ಆದರೆ ಹೋಗಲಿಲ್ಲ, ಹೊಸ್ತಿಲಾಚೆಯ ಮೆಟ್ಟಿಲ ಮೇಲೆ ಕೂತುಬಿಟ್ಟಳು. ನಾನು ಮುನಿಸಿಕೊಂಡು ಹಿತ್ತಲಿಗೆ ಹೋದೆ.

ಹದಿನಾರು ವರ್ಷಗಳ ನಂತರ ಅದೇ ಪುರಸಭೆಯ ಆರೋಗ್ಯ ಶಾಖೆಯಲ್ಲಿ ನನಗೆ ಕೆಲಸ ಸಿಕ್ಕಿತು. ಮೊದಲ ದಿನ ಹಿರಿಯರಾದ ವಿಮಲಾಕ್ಷಿ ಮೇಡಂ ನನ್ನ ಕೈಗೆ ಕೊಟ್ಟದ್ದು ಒಂದು ಗಾಜಿನ ಬಾಟಲಿ.

"ನೀರಿನ ಪರೀಕ್ಷೆಯಾ ಮೇಡಂ?" ಎಂದೆ, ಹಳೆಯ ಗೆಳತಿಯನ್ನು ಕಂಡವಳಂತೆ ಹಿಗ್ಗಿ.

"ನೀರು ನೆಪ ಕಣಮ್ಮ. ಸಾಯೋಕೆ ಹೋಗಿ ಉಳಿದು ಬಂದವರ ಮನೆಗೆ ನಾವು ಹೋಗಿಬರ್ತೀವಿ. ವಾರಕ್ಕೊಂದು ಸಲ, ಒಂದು ವರ್ಷ. ಅವರು ಒಪ್ಪಿಕೊಂಡ ಮೇಲೇನೇ. ಮನೆಯವರಿಗೆ ಗೊತ್ತಿರತ್ತೆ, ಬೀದಿಗೆ ಗೊತ್ತಾಗಬಾರದು. ಪಕ್ಕದ ಮನೆಯವರು ಇಣುಕಿದರೆ ಬಾಟಲಿ ತೋರಿಸು."

ನಾನು ಬಾಟಲಿಯನ್ನು ತಿರುಗಿಸಿ ನೋಡಿದೆ.

"ಹಾಗಂತ ಸುಳ್ಳಲ್ಲ, ಪರೀಕ್ಷೆನೂ ಮಾಡಿಸ್ತೀವಿ. ಈ ಊರಲ್ಲಿ ಶುದ್ಧವಾದ ನೀರು ಕುಡಿಯೋರು ಅಂದ್ರೆ ಅವರೇ!" ನಕ್ಕು, ಮೇಡಂ ಗಂಭೀರರಾದರು. "ಒಂದು ನಿಯಮ ಇದೆ. ಯಾರಾದರೂ ತಾವೇ ತುಂಬಿಸಿ ತಂದುಕೊಟ್ಟರೆ ತಗೊಂಡು ವಾಪಸ್ ಬರಬೇಡ. ಯಾರನ್ನ ನೋಡೋಕೆ ಹೋಗಿದ್ದೀಯೋ ಅವರ ಮುಖ ನೋಡದೆ ಬರಕೂಡದು. ನನಗಿಂತ ಮುಂಚೆ ಇದ್ದವರು ಬರೆಸಿಟ್ಟದ್ದು. ಯಾವುದೋ ಮನೇಲಿ ಚಿಕ್ಕ ಹುಡುಗಿ ಬಾಟಲಿ ತುಂಬಿಸಿಕೊಂಡು ಗೇಟಲ್ಲೇ ನಿಂತಿದ್ದಳಂತೆ. ಅಜ್ಜಿ ಮಲಗಿದ್ದಾಳೆ, ಹೋಗಿ ಅಂದಳಂತೆ."

ಬಾಟಲಿ ಖಾಲಿಯಿತ್ತು. ಆದರೂ ಏನೋ ತುಳುಕೀತೆಂಬ ಭಯದಲ್ಲಿ ಅದನ್ನು ಎರಡೂ ಕೈಯಿಂದ ಮೇಜಿನ ಮೇಲಿಟ್ಟೆ. ಮೇಡಂ ಮುಂದೆ ಹೇಳಿದ್ದೊಂದೂ ಕಿವಿಗೆ ಬೀಳಲಿಲ್ಲ.

ಮನೆಗೆ ಬಂದಾಗ ಅಜ್ಜಿ ಜಗಲಿಯಲ್ಲಿ ಸೊಪ್ಪು ಬಿಡಿಸುತ್ತಿದ್ದಳು.

"ಅಜ್ಜಿ, ಬಾಟಲಿ ಅಕ್ಕ ಯಾರನ್ನ ನೋಡೋಕೆ ಬರ್ತಿದ್ದಳು?"

ಅವಳ ಕೈ ನಿಂತಿತು. ಮತ್ತೆ ಒಂದು ದಂಟು ಮುರಿದಳು. "ಭಾರೀ ಜಾಣೆ ನೀನು. ಹದಿನಾರು ವರ್ಷ ಬೇಕಾಯ್ತು."

"ನೀನಾ?"

"ನಿಮ್ಮ ತಾತ ತೀರಿಕೊಂಡ ವರ್ಷ. ಹದಿನೈದು ದಿನ ಆಸ್ಪತ್ರೇಲಿದ್ದೆ. ನಿನಗೆ ಕಾಮಾಲೆ ಅಂತ ಹೇಳಿದ್ರು."

ಕಾಮಾಲೆಯೆಂದು ನಾನು ತಿಂಗಳುಗಟ್ಟಲೆ ಅವಳ ಕಣ್ಣಲ್ಲಿ ಹಳದಿ ಹುಡುಕಿದ್ದೆ. ಅಲ್ಲಿ ಇದ್ದದ್ದನ್ನು ಕಂಡಿರಲಿಲ್ಲ.

"ನಾನು ಬಾಟಲಿ ತುಂಬಿಸಿಕೊಟ್ಟ ಆ ಗುರುವಾರ..."

"ಆವತ್ತು ಮತ್ತೆ ಮನಸ್ಸು ಕೆಟ್ಟಿತ್ತು ಕಣೇ. ಚಿಲಕ ಹಾಕ್ಕೊಂಡು ಕೂತಿದ್ದೆ."

ಸೊಪ್ಪನ್ನು ಬದಿಗೆ ಸರಿಸಿ ಅವಳೆದುರು ಕೂತೆ. "ಅವಳನ್ನ ನಾನೇ ಕಳಿಸಿಬಿಡೋಳಿದ್ದೆ ಅಜ್ಜಿ!"

"ಕಳಿಸಿದ್ರೆ ಅವಳು ಹೋಗಬೇಕಲ್ಲ! 'ಪದ್ದಮ್ಮ, ಇಲ್ಲೇ ಕೂತಿದೀನಿ' ಅಂತ ಒಂದು ಸಲ ಕೂಗಿ ಸುಮ್ಮನಾದ್ಲು. ಕಿಟಕೀಲಿ ನೋಡ್ತೀನಿ, ಸುಡೋ ಬಿಸಿಲು, ತಲೆ ಮೇಲೆ ಸೆರಗು ಹಾಕ್ಕೊಂಡು ಮೆಟ್ಟಿಲ ಮೇಲಿದಾಳೆ. ಒಂದು ಗಂಟೆ ಆಯ್ತು. ನನಗೆ ಎಲ್ಲಿಲ್ಲದ ಸಿಟ್ಟು. ಬಾಗಿಲಿಗೆ ಬಂದವರನ್ನ ಒಂದು ಲೋಟ ಕಾಫಿ ಕೊಡದೆ ಕೂರಿಸೋದು ಉಂಟಾ? ನಮ್ಮಮ್ಮ ಸ್ವರ್ಗದಿಂದ್ಲೇ ಬೈತಿದ್ದಳು. ಥೂ ಇವಳ, ಅಂತ ಚಿಲಕ ತೆಗೆದು ಹೋಗಿ ಹಾಲಿಟ್ಟೆ."

"ಅಷ್ಟೇನಾ?"

"ಅಷ್ಟೇ. ಒಲೆ ಮೇಲೆ ಹಾಲಿಟ್ಟು ಯಾರಾದ್ರೂ ಸಾಯ್ತಾರೇನೇ, ಉಕ್ಕಿಹೋಗಲ್ವಾ?"

ಅವಳು ನಕ್ಕಳು. ನನ್ನಿಂದಾಗಲಿಲ್ಲ. ಸೊಪ್ಪಿನ ಹಸಿರು ಹತ್ತಿದ ಆ ಬೆರಳುಗಳನ್ನೇ ನೋಡುತ್ತಿದ್ದೆ. ನನಗೆ ನೆನಪಿರುವ ಕತೆಗಳಲ್ಲಿ ಮುಕ್ಕಾಲು ಪಾಲು ಆ ಗುರುವಾರದ ನಂತರದವು.

ಮರುವಾರ ನನ್ನ ಮೊದಲ ಭೇಟಿ. ಗುರುಮಲ್ಲ ಎಂಬ ದರ್ಜಿಯ ಮನೆ. ಆಸ್ಪತ್ರೆಯಿಂದ ಬಂದು ಒಂಬತ್ತು ದಿನವಾಗಿತ್ತು. ಗೇಟು ಮುಟ್ಟುವ ಮೊದಲೇ ಅವನ ತಾಯಿ ಅವಸರದಿಂದ ಬಂದರು. ಕೈಯಲ್ಲಿ ನೀರು ತುಂಬಿದ ಬಾಟಲಿ.

"ತಗೋ ತಾಯಿ, ನಿಮ್ಮ ನೀರು. ಅವನು ಮಲಗವ್ನೆ. ಇನ್ನೊಂದಿನ ಬಾ." ಹೇಳುತ್ತಲೇ ಅವರ ಕಣ್ಣು ಎದುರುಮನೆಯ ಕಿಟಕಿಯತ್ತ ಹೋಯಿತು.

ಬಾಟಲಿ ತೆಗೆದುಕೊಂಡೆ.

"ಬಿಸಿಲು ಜೋರಾಗಿದೆ ಅಮ್ಮ," ಎಂದೆ, ಮುಚ್ಚಿದ್ದ ಬಾಗಿಲಿಗೂ ಕೇಳುವಂತೆ. "ಇಲ್ಲೇ ಸ್ವಲ್ಪ ಕೂತಿರ್ತೀನಿ."

ಮೆಟ್ಟಿಲು ಕಾದ ಹಂಚಿನಂತಿತ್ತು. ತಲೆಯ ಮೇಲೆ ಸೆರಗೆಳೆದುಕೊಂಡು ಕೂತೆ. ಆ ತಾಯಿಯೂ ಏನು ಮಾಡಲೂ ತೋಚದೆ ನನ್ನ ಪಕ್ಕ ಕೂತರು. ನೆರಳು ನಮ್ಮ ಪಾದ ದಾಟಿತು. ಒಳಗೆ ಸದ್ದಿರಲಿಲ್ಲ. ಏಳು ಸಮುದ್ರದಷ್ಟು ದೂರವಿತ್ತು ಆ ಬಾಗಿಲು.

ಬಹಳ ಹೊತ್ತಿನ ಮೇಲೆ ಚಿಲಕ ಸರಿಯಿತು. ನಡೆದಾಡಿದ ಸದ್ದು. ಪಾತ್ರೆಯೊಂದನ್ನು ಒಲೆಯ ಮೇಲಿಟ್ಟ ಸದ್ದು. ತಾಯಿ ನನ್ನ ಮೊಣಕೈಯನ್ನು ನೋವಾಗುವಷ್ಟು ಬಿಗಿಯಾಗಿ ಹಿಡಿದುಕೊಂಡರು.

"ಅವರಿಗೆ ಸಕ್ಕರೆ ಎಷ್ಟು?" ಒಳಗಿನಿಂದ ಒಂದು ಒಣಗಿದ ಗಂಡುದನಿ ಕೇಳಿತು.

ಬಾಟಲಿಯನ್ನು ಬಿಸಿಲಿಗೆ ಎತ್ತಿ ಹಿಡಿದೆ. ಒಳಗಿನ ಪುಟ್ಟ ಸೂರ್ಯ ನಡುಗಿ, ನಡುಗಿ, ನಿಧಾನವಾಗಿ ನಿಂತ.