ಛತ್ತಿನಿಂದ ಉದುರಿದ್ದು

ಕೊಡದ ಮೇಲೆ ಕೊಡ ಸುರಿದರೂ ಅವ್ವನ ಕೂದಲಿನಿಂದ ಕೆಂಪು ನೀರೇ ಇಳಿಯುತ್ತಿತ್ತು.

"ರಗತ ಅಲ್ಲೋ ತಮ್ಮಾ, ಛತ್ತಿನ ಪುಡಿ," ಎಂದಳು ಅಕ್ಕ ಪಂಚಶೀಲಾ, ಹಣಿಗೆಯಿಂದ ಸಿಕ್ಕು ಬಿಡಿಸುತ್ತ.

ಮರಿಲಿಂಗ ಇನ್ನೊಂದು ಕೊಡ ತಂದಿಟ್ಟ. ರಕ್ತವಾಗಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ ಎನಿಸಿತು ಅವನಿಗೆ.

ನಿನ್ನೆ ಮಧ್ಯಾಹ್ನ ಶಾಲೆಯ ಅಡುಗೆ ಖೋಲಿಯ ಛತ್ತು ಅವ್ವ ಶೇಖಮ್ಮನ ಮೇಲೆ ಕುಸಿದಿತ್ತು. ಮಕ್ಕಳು ಉಂಡು ಎದ್ದಿದ್ದರು. ಅವಳು ಬೋಗುಣಿ ತಿಕ್ಕಲು ಒಳಗೆ ಹೋಗಿದ್ದಳು. ಬೋನಾಳದ ಕೆರೆಯಾಚೆಗಿನ ಆ ಸಣ್ಣ ಊರಿನಲ್ಲಿ ಅವಳ ಕೈಯ ಸಾರು ಉಣ್ಣದೆ ಬೆಳೆದ ಹುಡುಗರೇ ಇರಲಿಲ್ಲ. ಸುರಪುರದ ಆಸ್ಪತ್ರೆಯಲ್ಲಿ ಕೊಯ್ದು, ಹೊಲಿದು, ಬೆಳಗ್ಗೆ ಹೆಣ ಕೊಟ್ಟಿದ್ದರು.

ಹೊರಗೆ ಕೂತವರ ಬಾಯಲ್ಲಿ ಒಂದೇ ಮಾತು: ಶೇಖಮ್ಮ ಛತ್ತಿನ ಮೇಲೆ ಕಟ್ಟಿಗೆ ಒಟ್ಟಿದ್ದಳಂತೆ, ಆ ಭಾರಕ್ಕೆ ಬಿತ್ತಂತೆ. ಮಾತು ಎಲ್ಲಿ ಹುಟ್ಟಿತೆಂದು ಹುಡುಕಬೇಕಾಗಿರಲಿಲ್ಲ. ಹೆಡ್‌ಮಾಸ್ತರ ಗುರಣ್ಣ ಪೊಲೀಸರ ಮುಂದೆ ಅದನ್ನೇ ಹೇಳಿದ್ದರು.

"ತೊಗರಿ ಕಟ್ಟಿಗಿಗೆ ಬೀಳೂ ಛತ್ತು ಎಂಥಾದ್ದು ಮಾಮಾ?" ಮರಿಲಿಂಗ ಸೋದರಮಾವ ದ್ಯಾವಪ್ಪನ ಮುಂದೆ ಹಲ್ಲು ಕಡಿದ. "ಅಂಗಳದಾಗ ಕಾಣಬಾರದು ಅಂತ ಮ್ಯಾಲೆ ಒಟ್ಟಸಿದವ್ರು ಯಾರು? ನಮ್ಮವ್ವ ತನ್ನ ಕುಣಿ ತಾನ ತೋಡಕೊಂಡಾಳ ಅಂತ ಬರಸಾಕತ್ತಾರ."

"ಇವತ್ತ ಬ್ಯಾಡೋ. ಮೊದಲು ಆಕಿನ ಮಣ್ಣಾಗ ಇಡೂಣು. ಜಗಳ ಎಲ್ಲಿಗೂ ಓಡಿಹೋಗಂಗಿಲ್ಲ."

"ಮಣ್ಣಾಗ ಇಟ್ಟಮ್ಯಾಲ ಯಾರು ಕೇಳ್ತಾರ ಮಾಮಾ?"

ದ್ಯಾವಪ್ಪ ಸಲಿಕೆ ಹೆಗಲಿಗೇರಿಸಿ ಕುಣಿಯ ಕಡೆ ಹೊರಟ.

* * *

ಅಕ್ಕಿಯಲ್ಲಿ ಮೊಳೆ, ತಂತಿ ಬಂದರೆ ತೆಗೆಯಲೆಂದು ಶೇಖಮ್ಮ ಹಳೆಯ ಸ್ಪೀಕರಿನ ಆಯಸ್ಕಾಂತ ಇಟ್ಟುಕೊಂಡಿದ್ದಳು. ಮೊದಮೊದಲು ಛತ್ತಿನಿಂದ ಅಕ್ಕಿಗೆ ಉದುರುತ್ತಿದ್ದ ಕರಿ ಚೂರು ಅದಕ್ಕೆ ಅಂಟುತ್ತಿತ್ತು. ವರ್ಷ ಕಳೆದಂತೆ ಉದುರುವುದು ಕೆಂಪಾಯಿತು, ಅಂಟುವುದು ನಿಂತಿತು. ಅವಳು ಹೆದರಿ ಮಾಸ್ತರರಿಗೆ ತೋರಿಸಿದಳು. ಗುರಣ್ಣ ಏಳನೇ ತರಗತಿಯ ಮಕ್ಕಳೆದುರೇ ಪುಡಿಯ ಮೇಲೆ ಆಯಸ್ಕಾಂತ ಆಡಿಸಿದರು.

"ಹತ್ತಿತೇನು? ಕಬ್ಬಿಣ ಇದ್ರ ಹತ್ತಬೇಕಲ್ಲ. ಇದು ಮಣ್ಣು, ಶೇಖಮ್ಮ. ಛತ್ತಿನ ಸರಳು ಗಟ್ಟಿ ಅದಾವ. ಹೋಗು, ಅಡಿಗಿ ಮಾಡು."

ಮಕ್ಕಳು ಚಪ್ಪಾಳೆ ತಟ್ಟಿದರು. ಶೇಖಮ್ಮನೂ ನಕ್ಕಳು. ಶಹಾಪುರದ ವೆಲ್ಡಿಂಗ್ ಅಂಗಡಿಯಿಂದ ಊರಿಗೆ ಬಂದ ಮಗನಿಗೆ ಅದನ್ನೆಲ್ಲ ಹೇಳಿ, "ನೀನೂ ಸಾಲಿ ಬಿಡದಿದ್ರ ಇಂಥಾವು ತಿಳೀತಿದ್ವು," ಎಂದು ಚುಚ್ಚಿದಳು. ಸಾಲಿ ಬಿಟ್ಟವನು ತಲೆ ತಗ್ಗಿಸಿ ನಂಬಿದ.

* * *

ಇವತ್ತು ಬೆಳಗ್ಗೆ ಅವನು ಕುಸಿದ ರಾಶಿಯಲ್ಲಿ ಸರಳು ಎತ್ತಿ ನೋಡಿದ್ದ. ಹೆಬ್ಬೆರಳಿಗಿಂತ ದಪ್ಪಗೆ ಉಬ್ಬಿತ್ತು. ಹಿಡಿದರೆ ಪದರು ಪದರಾಗಿ ಕಳಚಿತು. ನಡುವೆ ಉಳಿದಿದ್ದ ಕರಿ ಎಳೆ ಅವ್ವನ ಆಯಸ್ಕಾಂತಕ್ಕೆ ಜಿಗಿದು ಅಂಟಿತು. ಅದರ ಮೈಮೇಲಿನ ಕೆಂಪು ಅಲುಗಲಿಲ್ಲ. ಎರಡೂ ಒಂದೇ ಸರಳಿನವು. ಗಾಳಿ, ನೀರು ತಿಂದು ತಿಂದು ಕಬ್ಬಿಣ ತನ್ನ ಗುಣ ಬಿಟ್ಟಿತ್ತು. ಉಬ್ಬಿದ ಮೈಯಿಂದ ಸಿಮೆಂಟನ್ನು ಒಳಗಿಂದಲೇ ಸೀಳಿತ್ತು. ಆ ಕೆಂಪನ್ನು ಅವನು ಅರಿವೆಯಲ್ಲಿ ಕಟ್ಟಿಕೊಂಡಿದ್ದ.

ಕುಣಿಯ ಬದಿಯಲ್ಲಿ ಬುದ್ಧನಿಗೆ ಶರಣೆನ್ನುವ ತ್ರಿಸರಣ ಹೇಳಿ ಮುಗಿಯಿತು. ಬಿಳಿ ಬಟ್ಟೆಯಲ್ಲಿ ಅವ್ವ ಕೆಳಗಿದ್ದಳು. ಒಬ್ಬೊಬ್ಬರೇ ಹಿಡಿ ಮಣ್ಣು ಹಾಕಿ ಸರಿಯುತ್ತಿದ್ದರು. ಗುರಣ್ಣನೂ ಸಾಲಿನಲ್ಲಿ ಬಂದು, ಮಣ್ಣಿಗೆ ಬಾಗಿದರು. ಮರಿಲಿಂಗ ಅವರ ಮುಂಗೈ ಹಿಡಿದ.

"ಅದಲ್ರಿ ಸರ್, ಇದು." ಅರಿವೆ ಬಿಚ್ಚಿ ಅವರ ಅಂಗೈಗೆ ಸುರಿದ.

"ಏನಪಾ ಇದು?"

"ಛತ್ತಿಂದು. ಮಣ್ಣು ಅಂತ ನೀವ ಹೇಳಿದ್ರಿ. ನಮ್ಮವ್ವ ನಂಬಿ ಅದರ ಬುಡಕ ನಿಂತು ಅಡಿಗಿ ಮಾಡಿದ್ಲು. ಮಣ್ಣಾಗಿದ್ರ ಹಾಕ್ರಿ ಆಕಿ ಮ್ಯಾಲ. ಇಲ್ಲಾಂದ್ರ, ಇದು ಜಂಗು ತಿಂದ ಕಬ್ಬಿಣ ಅಂತ ಎಲ್ಲರ ಮುಂದ ಹೇಳ್ರಿ."

ಗುರಣ್ಣ ದ್ಯಾವಪ್ಪನ ಕಡೆ ನೋಡಿದರು. ಬಿಡಿಸಬೇಕಾದವನು ಸಲಿಕೆ ಊರಿ ನಿಂತುಬಿಟ್ಟ. ಹಿಂದಿನ ಸಾಲೂ ನಿಂತಿತು, ಎಲ್ಲರ ಕೈಯಲ್ಲಿ ಮಣ್ಣು ಹಾಗೇ.

ಮಾಸ್ತರರ ಮುಷ್ಟಿ ಕುಣಿಯ ಮೇಲೆ ಚಾಚಿಕೊಂಡೇ ಇತ್ತು. ತೆರೆಯಲಿಲ್ಲ, ಹಿಂದಕ್ಕೂ ಬರಲಿಲ್ಲ. ಬಿಸಿಲಿಗೆ ಬೆವರು ಕೆಂಪಾಗಿ ಬೆರಳ ಸಂದಿನಿಂದ ಇಳಿದು, ಬಿಳಿ ಅಂಗಿಯ ತೋಳಿನ ಅಂಚನ್ನು ತೋಯಿಸತೊಡಗಿತು.